ಧ್ವನಿಸಾಮ್ಯವೂ ನಾಮನಿರ್ಣಯವೂ
(ಬಸವಕಲ್ಯಾಣ-ಹುಮನಾಬಾದ್ ಪ್ರದೇಶದ ಹೆಸರುಗಳ ನಿದರ್ಶನದಿಂದ ಒಂದು ವಿಮರ್ಶೆ)

೧

ಕೇಳುವುದಕ್ಕೆ ಒಂದೇ ಬಗೆಯಾಗಿದ್ದರೂ ಬರವಣಿಗೆಯಲ್ಲಿ ಬೇರೆ ಬೇರೆ ರೂಪಗಳನ್ನು ತಾಳುವ ಹೆಸರುಗಳನ್ನು ಗಣಕಯಂತ್ರವು ಒಂದೆಡೆ ತರಬೇಕಾದಾಗ, ಅದರ ತಂತ್ರಾಂಶವು ಅಕ್ಷರಗಳನ್ನು ನೇರವಾಗಿ ಹೋಲಿಸುವುದಿಲ್ಲ. ಪ್ರತಿಯೊಂದು ಹೆಸರಿನಿಂದಲೂ ಮೊದಲು ಒಂದು ಚಿಕ್ಕ ಸಂಕೇತವನ್ನು ಪಡೆದು, ಆ ಸಂಕೇತಗಳನ್ನು ಹೋಲಿಸುತ್ತದೆ. ಇದನ್ನು ಧ್ವನಿಸಂಕೇತಕ್ರಮವೆಂದು ಕರೆಯಬಹುದು. ಈ ಕ್ರಮ ಗಣಕಯಂತ್ರಕ್ಕಿಂತಲೂ ಹಳೆಯದು. ಅಮೆರಿಕದಲ್ಲಿ ರಾಬರ್ಟ್ ರಸೆಲ್ ಮತ್ತು ಮಾರ್ಗರೆಟ್ ಓಡೆಲ್ ಎಂಬವರು ರೂಪಿಸಿದ ‘ಸೌಂಡೆಕ್ಸ್’ ಎಂಬ ಕ್ರಮಕ್ಕೆ ೧೯೧೮ರಲ್ಲಿಯೂ ೧೯೨೨ರಲ್ಲಿಯೂ ಪೇಟೆಂಟು ದೊರೆಯಿತು. ೧೯೩೦ರ ದಶಕದಲ್ಲಿ ಆ ದೇಶದ ಹಳೆಯ ಜನಗಣತಿಯ ಪಟ್ಟಿಗಳಿಗೆ ಸೂಚಿಗಳನ್ನು ಸಿದ್ಧಪಡಿಸಿದುದು ಇದರ ಸಹಾಯದಿಂದಲೇ. ಡೊನಾಲ್ಡ್ ನುತ್ ಅವರು ೧೯೭೩ರ ತಮ್ಮ ಗ್ರಂಥದಲ್ಲಿ ಇದನ್ನು ವಿವರಿಸಿದ ಮೇಲೆ ಇದು ಗಣಕವಿದ್ಯಾರ್ಥಿಗಳ ಸಾಮಾನ್ಯ ಪಾಠಗಳಲ್ಲೊಂದಾಯಿತು.

ಸೌಂಡೆಕ್ಸ್‌ನ ನಿಯಮಗಳು ಸರಳವಾದುವು. ಹೆಸರಿನ ಮೊದಲ ರೋಮನ್ ಅಕ್ಷರವನ್ನು ಹಾಗೆಯೇ ಉಳಿಸಿಕೊಳ್ಳಬೇಕು. ಮುಂದಿನ ಸ್ವರಗಳನ್ನೂ ‘ಎಚ್’, ‘ಡಬ್ಲ್ಯು’, ‘ವೈ’ ಅಕ್ಷರಗಳನ್ನೂ ಬಿಡಬೇಕು. ಉಳಿದ ವ್ಯಂಜನಗಳಿಗೆ ಅಂಕಿಗಳು: ಬಿ, ಎಫ್, ಪಿ, ವಿ ಇವಕ್ಕೆ ೧, ಸಿ, ಜಿ, ಜೆ, ಕೆ, ಕ್ಯು, ಎಸ್, ಎಕ್ಸ್, ಝಡ್ ಇವಕ್ಕೆ ೨, ಡಿ, ಟಿ ಇವಕ್ಕೆ ೩, ಎಲ್‌ಗೆ ೪, ಎಮ್, ಎನ್ ಇವಕ್ಕೆ ೫, ಆರ್‌ಗೆ ೬. ಒಂದೇ ಅಂಕಿಯ ಅಕ್ಷರಗಳು ಪಕ್ಕಪಕ್ಕದಲ್ಲಿ ಬಂದರೆ ಅಂಕಿಯನ್ನು ಒಮ್ಮೆ ಮಾತ್ರ ಬರೆಯಬೇಕು. ಮೂರು ಅಂಕಿಗಳಾದ ಮೇಲೆ ನಿಲ್ಲಿಸಬೇಕು. ಕಡಮೆಯಾದರೆ ಸೊನ್ನೆಯಿಂದ ತುಂಬಬೇಕು.

ಈ ಕ್ರಮವನ್ನೂ, ಇದರ ಮಾದರಿಯಲ್ಲಿ ಕನ್ನಡಕ್ಕಾಗಿ ನಡೆದಿರುವ ಪ್ರಯತ್ನವನ್ನೂ ಬೀದರ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳ ಹೆಸರುಗಳಿಗೆ ಒಡ್ಡಿ, ಅವುಗಳ ಗುಣದೋಷಗಳನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಕನ್ನಡ, ಮರಾಠಿ, ಉರ್ದು, ತೆಲುಗು ಭಾಷೆಗಳು ಕೂಡಿ ಬಾಳಿದ ಈ ನೆಲದಲ್ಲಿ ಒಂದೇ ಹೆಸರು ಹಲವು ಲಿಪಿಗಳ ಮೂಲಕ ಹಾದುಬಂದಿದೆ. ಇಂತಹ ಕ್ರಮದ ಸತ್ತ್ವಪರೀಕ್ಷೆಗೆ ಇದಕ್ಕಿಂತ ತಕ್ಕ ಒರೆಗಲ್ಲು ದೊರೆಯುವುದು ಕಷ್ಟ.

೨

ಮೊದಲು ಊರುಗಳ ಹೆಸರನ್ನೇ ತೆಗೆದುಕೊಳ್ಳೋಣ. ಹುಮನಾಬಾದ್ ಎಂಬುದನ್ನು ರೋಮನ್ ಲಿಪಿಯಲ್ಲಿ ‘ಹುಮ್ನಾಬಾದ್’ ಎಂದೂ ‘ಹೊಮ್ನಾಬಾದ್’ ಎಂದೂ ‘ಹುಮನಾಬಾದ್’ ಎಂದೂ ಬರೆಯುವುದುಂಟು. ಮೊದಲಿನ ಎರಡು ರೂಪಗಳಿಗೆ ಸೌಂಡೆಕ್ಸ್ ಸಂಕೇತ ಎಚ್-೫೧೩. ಮೂರನೆಯದರಲ್ಲಿ ಮಕಾರ-ನಕಾರಗಳ ನಡುವೆ ಒಂದು ಸ್ವರ ಬಂದುದರಿಂದ ೫ ಎಂಬ ಅಂಕಿ ಎರಡು ಸಲ ಬಂದು ಸಂಕೇತವು ಎಚ್-೫೫೧ ಆಗುತ್ತದೆ. ಸ್ವರಗಳನ್ನು ಲೆಕ್ಕಿಸುವುದಿಲ್ಲವೆಂದು ಸಾರುವ ಕ್ರಮವು ಒಂದು ಹ್ರಸ್ವ ಅಕಾರದ ದೆಸೆಯಿಂದ ಒಂದೂರನ್ನು ಎರಡಾಗಿ ಒಡೆಯುತ್ತದೆ.

ಬಸವಕಲ್ಯಾಣದಲ್ಲಿ ತೊಡಕು ಬೇರೆ ಬಗೆಯದು. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ಒಂದನೆಯ ಸೋಮೇಶ್ವರನ ಕಾಲದಲ್ಲಿ ರಾಜಧಾನಿಯಾದ ಊರು ಕಲ್ಯಾಣ. ಹೈದರಾಬಾದ್ ಸಂಸ್ಥಾನದ ದಿನಗಳಲ್ಲಿ ಅದೇ ಊರು ಕಲ್ಯಾಣಿ, ಇಂದು ಬಸವಕಲ್ಯಾಣ. ‘ಕಲ್ಯಾಣ’, ‘ಕಲ್ಯಾಣಿ’ ಎರಡಕ್ಕೂ ಸಂಕೇತ ಕೆ-೪೫೦, ಬಸವಕಲ್ಯಾಣಕ್ಕೆ ಬಿ-೨೧೨. ಹೀಗಾಗಿ ಹೊಸ ಹೆಸರಿನಿಂದ ಹುಡುಕಿದವನಿಗೆ ಹಳೆಯ ಕಾಗದಗಳು ಕಾಣಿಸುವುದಿಲ್ಲ. ಹಳೆಯ ಹೆಸರಿನಿಂದ ಹುಡುಕಿದವನಿಗೆ ಮುಂಬಯಿಯ ಬಳಿಯ ಕಲ್ಯಾಣವೂ ಕೂಡಿಕೊಂಡು ಬರುತ್ತದೆ. ಮಾನ್ಯಖೇಟವು ಮಳಖೇಡವಾದುದೂ ಹೀಗೆಯೇ: ರೋಮನ್ ರೂಪಗಳಲ್ಲಿ ಒಂದು ಎಮ್-೫೨೩, ಇನ್ನೊಂದು ಎಮ್-೪೨೩. ಇವು ಒಂದೇ ಊರೆಂಬುದನ್ನು ತಿಳಿಸಬಲ್ಲುದು ಚರಿತ್ರೆಯೇ ಹೊರತು ಧ್ವನಿಯಲ್ಲ. ಇಂತಹ ಕಡೆ ದೋಷವನ್ನು ಸಂಕೇತಕ್ರಮದ ಮೇಲೆ ಹೊರಿಸುವುದು ನ್ಯಾಯವಲ್ಲ. ಅದರಿಂದಾಗದ ಕೆಲಸವನ್ನು ಅದಕ್ಕೆ ಒಪ್ಪಿಸಿದವರದೇ ದೋಷ.

ವ್ಯಕ್ತಿನಾಮಗಳಿಗೆ ಬಂದರೆ ಕ್ರಮದ ನಿಜವಾದ ಕೊರತೆ ಬಯಲಾಗುತ್ತದೆ. ಬಸವಣ್ಣನವರ ಕರ್ಮಭೂಮಿಯಾದ ಈ ಪ್ರದೇಶದಲ್ಲಿ ಅವರ ಹೆಸರನ್ನು ಹೊತ್ತವರು ಮನೆಮನೆಗೂ ಇದ್ದಾರೆ. ಬಸವರಾಜ ಎಂಬುದನ್ನು ಕೆಲವರು ‘ವಿ’ ಅಕ್ಷರದಿಂದ ಬರೆಯುತ್ತಾರೆ, ಕೆಲವರು ‘ಡಬ್ಲ್ಯು’ ಅಕ್ಷರದಿಂದ. ಮೊದಲನೆಯದಕ್ಕೆ ಬಿ-೨೧೬, ಎರಡನೆಯದಕ್ಕೆ ಬಿ-೨೬೨. ಇಂಗ್ಲಿಷಿನಲ್ಲಿ ಈ ಎರಡು ಅಕ್ಷರಗಳ ಧ್ವನಿ ಬೇರೆ. ಕನ್ನಡದ ವಕಾರಕ್ಕೆ ಎರಡೂ ಸಮಾನವಾಗಿ ಸಲ್ಲುತ್ತವೆ. ಬಸವಪ್ಪ ಎಂಬುದು ಆಡುಮಾತಿನಲ್ಲಿ ಬಸಪ್ಪ ಎಂದಾಗುವುದು ಎಲ್ಲರೂ ಬಲ್ಲ ಸಂಗತಿ. ಒಬ್ಬನೇ ಮನುಷ್ಯ ಒಂದು ಕಾಗದದಲ್ಲಿ ಬಸವಪ್ಪ, ಇನ್ನೊಂದರಲ್ಲಿ ಬಸಪ್ಪ ಆಗಿರುವುದು ತೀರ ಸಹಜ. ಸೌಂಡೆಕ್ಸ್ ಇವೆರಡನ್ನು ಬಿ-೨೧೧, ಬಿ-೨೧೦ ಎಂದು ಬೇರ್ಪಡಿಸುತ್ತದೆ. ಆದರೆ ಬಸಪ್ಪನನ್ನೂ ಬಸವ್ವನನ್ನೂ ಬಿ-೨೧೦ ಎಂಬ ಒಂದೇ ಸಂಕೇತದಲ್ಲಿ ಕೂಡಿಸುತ್ತದೆ. ಕಲ್ಲಪ್ಪ-ಕಲ್ಲವ್ವರ ಗತಿಯೂ ಅದೇ: ಇಬ್ಬರಿಗೂ ಕೆ-೪೧೦. ಪಕಾರ-ವಕಾರಗಳನ್ನು ಒಂದೇ ಗುಂಪಿಗೆ ಸೇರಿಸಿದುದರ ಫಲವಿದು. ಅಪ್ಪ-ಅವ್ವ ಎಂಬ ಭೇದವನ್ನು ಅಳಿಸಿ, ಬಸವಪ್ಪ-ಬಸಪ್ಪ ಎಂಬ ಅಭೇದವನ್ನು ಕಾಣದ ಕ್ರಮವು ಕನ್ನಡ ಹೆಸರುಗಳ ವಿಷಯದಲ್ಲಿ ತನ್ನ ಉದ್ದೇಶಕ್ಕೆ ವಿರುದ್ಧವಾಗಿ ನಡೆಯುತ್ತದೆಯೆಂದೇ ಹೇಳಬೇಕಾಗುತ್ತದೆ.

೩

ಈ ವ್ಯತ್ಯಾಸಗಳೆಲ್ಲ ಬರೆಯುವವರ ಅಜಾಗರೂಕತೆಯಿಂದ ಹುಟ್ಟಿದುವೆಂದು ಭಾವಿಸುವುದು ತಪ್ಪು. ಇವುಗಳ ಹಿಂದೆ ಲಿಪಿಗಳ ಚರಿತ್ರೆಯಿದೆ. ೧೯೪೮ರವರೆಗೆ ಬೀದರ ಜಿಲ್ಲೆ ನಿಜಾಮರ ಆಳ್ವಿಕೆಯಲ್ಲಿತ್ತು. ಆಡಳಿತದ ಭಾಷೆ ಉರ್ದು. ೧೯೫೬ರ ನವೆಂಬರ್ ೧ರಂದು ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಅನಂತರ ಕನ್ನಡವು ಕಚೇರಿಯನ್ನು ಪ್ರವೇಶಿಸಿತು. ಮರಾಠಿಯ ಬಳಕೆ ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ಉಳಿದುಬಂದಿತು. ಗಣಕಯಂತ್ರದೊಡನೆ ರೋಮನ್ ಲಿಪಿಯೂ ಬಂದಿತು.

ಉರ್ದು ಬರವಣಿಗೆಯಲ್ಲಿ ಹ್ರಸ್ವಸ್ವರಗಳನ್ನು ಸಾಮಾನ್ಯವಾಗಿ ಗುರುತಿಸುವುದಿಲ್ಲ. ಹ, ಮ, ನ ಎಂಬ ವ್ಯಂಜನಗಳನ್ನು ಕಂಡವನು ‘ಹುಮ್ನಾ’ ಎಂದಾಗಲಿ ‘ಹೊಮ್ನಾ’ ಎಂದಾಗಲಿ ‘ಹುಮನಾ’ ಎಂದಾಗಲಿ ಓದಿಕೊಳ್ಳುವುದಕ್ಕೆ ಅವಕಾಶವುಂಟು. ಮೇಲೆ ಹೇಳಿದ ಮೂರು ರೂಪಗಳು ಈ ಒಂದೇ ಬರಹದಿಂದ ಹೊರಡಬಲ್ಲವು. ಉರ್ದು ಲಿಪಿಯಲ್ಲಿ ಳಕಾರ-ಣಕಾರಗಳಿಗೆ ಪ್ರತ್ಯೇಕ ಅಕ್ಷರಗಳಿಲ್ಲ; ಬಾಳಪ್ಪನು ಅಲ್ಲಿ ಬಾಲಪ್ಪನಾಗುತ್ತಾನೆ, ಮಾಣಿಕನು ಮಾನಿಕನಾಗುತ್ತಾನೆ. ಹುಮನಾಬಾದಿನ ಬಳಿಯ ಮಾಣಿಕನಗರವು ಮಾಣಿಕಪ್ರಭುಗಳ (೧೮೧೭-೧೮೬೫) ಕ್ಷೇತ್ರ. ಹಿಂದೂ-ಮುಸಲ್ಮಾನರಿಬ್ಬರೂ ಭಕ್ತಿಯಿಂದ ಬರುವ ಆ ಕ್ಷೇತ್ರದ ಹೆಸರನ್ನು ಪಡೆದ ಮಾಣಿಕಪ್ಪ, ಮಾಣಿಕರಾವ್ ಮೊದಲಾದವರ ಹೆಸರುಗಳಲ್ಲಿ ಈ ಣ-ನ ವ್ಯತ್ಯಾಸ ಸಹಜವಾಗಿಯೇ ಬರುತ್ತದೆ. ಮರಾಠಿಯಾದರೋ ಳ-ಣಗಳನ್ನು ಕಾಪಾಡುತ್ತದೆ; ಆದರೆ ಪದಾಂತದ ಅಕಾರವನ್ನು ಉಚ್ಚರಿಸುವುದಿಲ್ಲ. ಬಸವರಾಜ-ಬಸವರಾಜ್, ಅಶೋಕ-ಅಶೋಕ್ ಎಂಬ ಜೋಡಿಗಳು ಆ ಪ್ರಭಾವಕ್ಕೂ ಸಾಕ್ಷಿ.

ಇದರಿಂದ ಒಂದು ಮುಖ್ಯ ವಿಷಯ ಸ್ಪಷ್ಟವಾಗುತ್ತದೆ. ಗಣಕಯಂತ್ರವು ಹೋಲಿಸುತ್ತಿರುವುದು ಧ್ವನಿಯನ್ನಲ್ಲ, ಧ್ವನಿಯ ಬರವಣಿಗೆಯನ್ನು. ಆ ಬರವಣಿಗೆ ಯಾವ ಲಿಪಿಯಿಂದ ಯಾವ ಲಿಪಿಗೆ ಇಳಿದುಬಂದಿದೆಯೆಂಬುದನ್ನು ಅರಿಯದೆ ಯಾವ ಅಕ್ಷರಗಳನ್ನು ಸಮಾನವೆಂದು ಎಣಿಸಬೇಕೆಂಬುದನ್ನು ತೀರ್ಮಾನಿಸಲಾಗದು.

೪

ಕನ್ನಡ ಲಿಪಿಯ ಮೇಲೆಯೇ ನಡೆಯುವ ಧ್ವನಿಸಂಕೇತಕ್ರಮವೊಂದು ಈಗ ಬಳಕೆಗೆ ಬಂದಿರುವುದು ಸಂತೋಷದ ಸಂಗತಿ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ದುಡಿದು ಸಿದ್ಧಪಡಿಸಿದ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟು ೨೦೧೯ರಲ್ಲಿ ಅಂತರ್ಜಾಲದಲ್ಲಿ ಎಲ್ಲರಿಗೂ ಮುಕ್ತವಾಗಿ ದೊರೆಯುವಂತಾಯಿತು. ಕಾಗುಣಿತ ತಪ್ಪಿದರೂ ಪದ ದೊರೆಯಬೇಕೆಂಬ ಅಪೇಕ್ಷೆಯಿಂದ ಕೈಲಾಶ್ ನಾಥ್ ಅವರು ‘ಕೆಎನ್‌ಫೋನ್’ ಎಂಬ ಕ್ರಮವನ್ನು ರಚಿಸಿದರು. ಇದಕ್ಕೆ ಆಧಾರ ಮಲಯಾಳಕ್ಕಾಗಿ ಅವರೇ ಮಾಡಿದ್ದ ‘ಎಂಎಲ್‌ಫೋನ್’. ಇದರ ವಿಶೇಷವೆಂದರೆ ಒಂದು ಪದಕ್ಕೆ ಒಂದಲ್ಲ, ಮೂರು ಸಂಕೇತಗಳು ಹುಟ್ಟುತ್ತವೆ. ಮೊದಲನೆಯದು ವಿಶಾಲವಾದುದು, ಧ್ವನಿಯ ಸೂಕ್ಷ್ಮಭೇದಗಳನ್ನು ಬಿಟ್ಟುಬಿಡುತ್ತದೆ. ಎರಡನೆಯದು ಗಡುಸು ಧ್ವನಿಗಳನ್ನು ಗಣಿಸುತ್ತದೆ. ಮೂರನೆಯದು ಸ್ವರಚಿಹ್ನೆ ಮೊದಲಾದುವನ್ನೂ ಗಣಿಸಿ ಇಕ್ಕಟ್ಟಾಗುತ್ತದೆ. ಹುಡುಕುವವನ ಅಗತ್ಯಕ್ಕೆ ತಕ್ಕಂತೆ ಬಲೆಯ ಕಣ್ಣನ್ನು ಹಿರಿದು ಕಿರಿದು ಮಾಡಿಕೊಳ್ಳುವ ಈ ಏರ್ಪಾಡು ಸೌಂಡೆಕ್ಸ್‌ಗಿಂತ ಎಷ್ಟೋ ವಿವೇಕಯುತವಾದುದು. ಸಾಮ್ಯವೆಂಬುದು ಇದೆ-ಇಲ್ಲ ಎಂಬ ಎರಡೇ ಸ್ಥಿತಿಗಳ ವಿಷಯವಲ್ಲ, ತರತಮಗಳುಳ್ಳದ್ದು, ಎಂಬ ತತ್ತ್ವ ಇದರಲ್ಲಿ ಅಡಗಿದೆ.

ಆದರೂ ನೆರೆಯ ಭಾಷೆಯ ಮಾದರಿಯನ್ನು ಕನ್ನಡಕ್ಕೆ ತರುವಾಗ ವ್ಯಂಜನಗಳ ಗುಂಪುಗಳನ್ನು ಮತ್ತೆ ವಿಚಾರಿಸಿ ನೋಡುವುದು ಅವಶ್ಯ. ಒಂದು ವರ್ಗದ ನಾಲ್ಕು ವ್ಯಂಜನಗಳಿಗೂ, ಎಂದರೆ ಕ-ಖ-ಗ-ಘಗಳಿಗೆ, ಒಂದೇ ಗುರುತನ್ನು ಕೊಡುವುದು ಸುಲಭವಾದ ದಾರಿ. ಕನ್ನಡದಲ್ಲಿ ಅಲ್ಪಪ್ರಾಣ-ಮಹಾಪ್ರಾಣಗಳನ್ನು ಹೀಗೆ ಕೂಡಿಸುವುದರಿಂದ ಹೆಚ್ಚಿನ ಹಾನಿಯಿಲ್ಲ. ಭೀಮನನ್ನು ಬೀಮನೆನ್ನುವ ಆಡುನುಡಿಯೇ ಅದನ್ನು ಒಪ್ಪಿದೆ. ಘೋಷ-ಅಘೋಷಗಳ ಮಾತು ಹಾಗಲ್ಲ. ಕಾಳಿ-ಗಾಳಿ, ತನ-ದನ ಇವು ಬೇರೆ ಬೇರೆ ಪದಗಳು. ಪದದ ಆದಿಯಲ್ಲಿ ಇವನ್ನು ಕೂಡಿಸಲಾಗದು. ಸಮಾಸದ ಉತ್ತರಪದದ ಆದಿಯಲ್ಲಿ ಮಾತ್ರ ಕ-ತ-ಪಗಳಿಗೆ ಗ-ದ-ಬಗಳು ಆದೇಶವಾಗಿ ಬರುವುದರಿಂದ ಅಲ್ಲಿ ಕೂಡಿಸುವುದು ಸಾಧುವಾಗಬಹುದು. ಮಳೆಗಾಲ, ಬೆಟ್ಟದಾವರೆ ಎಂಬ ಶಾಲೆಯ ಉದಾಹರಣೆಗಳೇ ಇದಕ್ಕೆ ಸಾಕು. ಸ್ಥಾನವನ್ನು ನೋಡದೆ ಗುಂಪು ಕಟ್ಟುವ ಕ್ರಮ ಒಂದು ಕಡೆ ಹೆಚ್ಚು ಕೂಡಿಸುತ್ತದೆ, ಇನ್ನೊಂದು ಕಡೆ ಕಡಮೆ ಕೂಡಿಸುತ್ತದೆ.

ಇಂತಹ ವಿವೇಚನೆಗೆ ಬೇಕಾದ ಸಾಮಗ್ರಿ ನಮ್ಮ ಶಾಸ್ತ್ರಗಳಲ್ಲಿಯೇ ಇದೆ. ಕನ್ನಡ ಛಂದಸ್ಸಿನ ಪ್ರಾಸನಿಯಮವು ಪಾದದ ಎರಡನೆಯ ಅಕ್ಷರದ ವ್ಯಂಜನವನ್ನು ಹಿಡಿಯುತ್ತದೆ. ಅದರ ಮೇಲಿನ ಸ್ವರವನ್ನು ಕವಿಯ ಇಚ್ಛೆಗೆ ಬಿಡುತ್ತದೆ. ಒಂದೇ ವರ್ಗದ ಅಕ್ಷರಗಳನ್ನು ಸಮವೆಂದು ಎಣಿಸುವುದು ವರ್ಗಪ್ರಾಸ. ಶ-ಷ-ಸ, ಲ-ಳ ಇಂತಹ ಸಮೀಪದ ಧ್ವನಿಗಳನ್ನು ಸಮವೆಂದು ಎಣಿಸುವುದು ಸಮೀಪಪ್ರಾಸ. ವ್ಯಂಜನವನ್ನು ಉಳಿಸಿ ಸ್ವರವನ್ನು ಬಿಡುವುದು, ಧ್ವನಿಗಳನ್ನು ಗುಂಪುಗೂಡಿಸುವುದು, ಗುಂಪುಗಳಲ್ಲಿ ತರತಮವನ್ನು ಗುರುತಿಸುವುದು ಎಂಬ ಮೂರು ತತ್ತ್ವಗಳೂ ಇಲ್ಲಿ ಕಾಣುತ್ತವೆ. ಹೆಸರಿನ ಕಾಲಾಂತರದ ರೂಪಭೇದಗಳಿಗಾದರೆ ಕೇಶಿರಾಜನ ‘ಶಬ್ದಮಣಿದರ್ಪಣ’ದ ಅಪಭ್ರಂಶಪ್ರಕರಣವಿದೆ. ‘ವೃಷಭ’ವು ‘ಬಸವ’ನಾದ ದಾರಿಯನ್ನು ರೋಮನ್ ಅಕ್ಷರಗಳ ಯಾವ ಪಟ್ಟಿಯೂ ತೋರಿಸಲಾರದು, ತದ್ಭವದ ನಿಯಮಗಳು ತೋರಿಸುತ್ತವೆ. ಕಲ್ಯಾಣದಿಂದ ಆಳಿದ ಕಲಚುರಿ ಅರಸನ ಹೆಸರು ಶಾಸನಗಳಲ್ಲಿ ಬಿಜ್ಜಳ ಎಂದೂ ಬಿಜ್ಜಣ ಎಂದೂ ಬರುವುದನ್ನು ಇತಿಹಾಸದ ವಿದ್ಯಾರ್ಥಿಗಳು ಬಲ್ಲರು. ಸೌಂಡೆಕ್ಸ್‌ಗೆ ಇವು ಬಿ-೨೪೦, ಬಿ-೨೫೦ ಎಂಬ ಬೇರೆ ಹೆಸರುಗಳು. ಶಾಸನಪದಗಳ ಸೂಚಿಯನ್ನು ಗಣಕಕ್ಕೆ ಏರಿಸುವವರು ಳ-ಣಗಳ ಈ ಪಲ್ಲಟಕ್ಕೆ ಪ್ರತ್ಯೇಕ ನಿಯಮವನ್ನು ಸೇರಿಸಿಕೊಳ್ಳಬೇಕು.

೫

ನಿಘಂಟಿನಲ್ಲಿ ಪದವನ್ನು ಹುಡುಕುವುದೂ ದಾಖಲೆಯಲ್ಲಿ ಮನುಷ್ಯನನ್ನು ಗುರುತಿಸುವುದೂ ಒಂದೇ ಕೆಲಸವಲ್ಲ. ನಿಘಂಟಿನಲ್ಲಿ ಬೇಡದ ನಾಲ್ಕು ಪದಗಳು ಬಂದರೆ ಓದುಗನು ಅವನ್ನು ದಾಟಿ ಮುಂದೆ ಹೋಗುತ್ತಾನೆ. ಪಹಣಿಯಲ್ಲಿ ಹಾಗಲ್ಲ. ಕರ್ನಾಟಕದಲ್ಲಿ ‘ಭೂಮಿ’ ಯೋಜನೆಯಿಂದ ಪಹಣಿಗಳು ಗಣಕಕ್ಕೆ ಏರಿದುವು. ೨೦೧೦ರಿಂದ ಆಧಾರ್ ಸಂಖ್ಯೆ ಬಂದಿತು. ಒಂದರಲ್ಲಿ ಹೆಸರು ಕನ್ನಡದಲ್ಲಿ. ಇನ್ನೊಂದರಲ್ಲಿ ಕನ್ನಡದೊಡನೆ ಇಂಗ್ಲಿಷಿನಲ್ಲಿಯೂ. ಈ ಎರಡರ ಹೆಸರುಗಳನ್ನು ಹೊಂದಿಸುವಾಗ ಎರಡು ಬಗೆಯ ತಪ್ಪುಗಳಾಗಬಹುದು. ಬಸವಪ್ಪನೇ ಬಸಪ್ಪನೆಂಬುದನ್ನು ಕಾಣದಿರುವುದು ಒಂದು. ಬಸಪ್ಪನನ್ನೂ ಬಸವ್ವನನ್ನೂ ಒಬ್ಬರೇ ಎಂದೆಣಿಸುವುದು ಇನ್ನೊಂದು. ಮೊದಲನೆಯದರಿಂದ ರೈತನು ಕಚೇರಿಗೆ ನಾಲ್ಕು ಸಲ ಅಲೆಯಬೇಕಾದೀತು. ಎರಡನೆಯದರಿಂದ ವಿಧವೆಯೊಬ್ಬಳ ಹಕ್ಕು ಗಂಡನ ಹೆಸರಿನಲ್ಲಿಯೇ ಉಳಿದುಹೋದೀತು, ಇಲ್ಲವೆ ಒಬ್ಬರ ನೆಲ ಇನ್ನೊಬ್ಬರ ಖಾತೆಗೆ ಸೇರೀತು. ಮೊದಲ ತಪ್ಪು ತೊಂದರೆ, ಎರಡನೆಯದು ಅನ್ಯಾಯ. ಈ ತಾರತಮ್ಯವನ್ನು ತಂತ್ರಾಂಶವು ತಾನಾಗಿ ಅರಿಯದು. ಅದನ್ನು ನಿಯಮದಲ್ಲಿ ಅಳವಡಿಸುವುದು ಅದನ್ನು ರಚಿಸುವವರ ಹೊಣೆ.

ಆದುದರಿಂದ ಈ ಪ್ರದೇಶದ ಹೆಸರುಗಳಿಗೆ ಧ್ವನಿಸಂಕೇತವನ್ನು ರೂಪಿಸುವವರು ನಾಲ್ಕು ವಿಷಯಗಳನ್ನು ಗಮನದಲ್ಲಿರಿಸಬೇಕೆಂದು ನಾವು ಭಾವಿಸುತ್ತೇವೆ. ಮೊದಲನೆಯದು, ಅಪ್ಪ, ಅವ್ವ, ಅಮ್ಮ, ಅಯ್ಯ, ರಾವ್ ಮೊದಲಾದ ಅಂತ್ಯಗಳನ್ನು ಹೆಸರಿನ ಮೂಲಭಾಗದಿಂದ ಬಿಡಿಸಿ ಬೇರೆಯಾಗಿ ಗುರುತಿಸಬೇಕು. ಸ್ತ್ರೀಪುರುಷಭೇದವನ್ನು ತೋರುವ ಅಂತ್ಯಗಳು ಎಷ್ಟೇ ವಿಶಾಲವಾದ ಸಂಕೇತದಲ್ಲಿಯೂ ಕೂಡಿಹೋಗಬಾರದು. ಎರಡನೆಯದು, ಬಸವಪ್ಪ-ಬಸಪ್ಪ, ಸಿದ್ಧರಾಮ-ಸಿದ್ರಾಮ ಇಂತಹ ಸಂಕ್ಷೇಪಗಳಿಗೆ ಪ್ರತ್ಯೇಕ ಪಟ್ಟಿ ಬೇಕು. ಇವು ವರ್ಣಗಳ ಗುಂಪಿನಿಂದ ಬಗೆಹರಿಯುವುವಲ್ಲ. ಮೂರನೆಯದು, ಲ-ಳ, ನ-ಣಗಳ ಅಭೇದವನ್ನು ಉರ್ದು ಅಥವಾ ರೋಮನ್ ಲಿಪಿಯ ಮೂಲಕ ಬಂದ ರೂಪಗಳಿಗೆ ಮಾತ್ರ ಅನ್ವಯಿಸಬೇಕು. ಕನ್ನಡ-ಮರಾಠಿಗಳ ಮೂಲದಾಖಲೆಯಲ್ಲಿ ಆ ಭೇದವೇ ಸಾಕ್ಷ್ಯವಾಗಿರುತ್ತದೆ. ನಾಲ್ಕನೆಯದು, ಸಂಕೇತವು ಹೊಂದಿತೆಂಬ ಕಾರಣದಿಂದಲೇ ತೀರ್ಮಾನ ಮಾಡಬಾರದು. ತಂದೆಯ ಹೆಸರು, ಗ್ರಾಮ, ಸರ್ವೆ ನಂಬರು ಇವುಗಳನ್ನು ನೋಡಿ ಮನುಷ್ಯನೇ ನಿರ್ಣಯಿಸಬೇಕು.

ಗ್ರಂಥಸಂಪಾದಕನು ಪಾಠಾಂತರಗಳನ್ನು ಒಂದೆಡೆ ಕೂಡಿಸಿ ನೋಡುತ್ತಾನೆ. ಕೂಡಿಸಿದ ಮಾತ್ರಕ್ಕೆ ಅವೆಲ್ಲವೂ ಒಂದೇ ಎಂದು ತೀರ್ಪು ಕೊಡುವುದಿಲ್ಲ. ಧ್ವನಿಸಂಕೇತದ ಕಾರ್ಯವೂ ಅಷ್ಟೆ. ಹುಮನಾಬಾದಿನ ಮೂರು ರೂಪಗಳನ್ನು ಅದು ನಮ್ಮ ಮುಂದೆ ತಂದಿರಿಸಿದರೆ ಉಪಕಾರ. ಯಾವುದು ಯಾವುದರೊಡನೆ ಸಲ್ಲುತ್ತದೆಯೆಂಬುದನ್ನು ಹೇಳಲು ಆ ಪ್ರದೇಶದ ಭಾಷೆ, ಲಿಪಿ, ಚರಿತ್ರೆಗಳ ಜ್ಞಾನ ಬೇಕು. ನಮ್ಮ ಕಾಲೇಜುಗಳ ಕನ್ನಡ ವಿಭಾಗಗಳೂ ಗಣಕವಿಭಾಗಗಳೂ ಜೊತೆಗೂಡಿ ಒಂದೊಂದು ತಾಲ್ಲೂಕಿನ ಹೆಸರುಗಳ ರೂಪಭೇದಗಳನ್ನು ಸಂಗ್ರಹಿಸುವ ಕೆಲಸವನ್ನು ಕೈಗೊಂಡರೆ, ಅದು ಶಾಸ್ತ್ರಕ್ಕೂ ಜನರಿಗೂ ಸಮಾನವಾಗಿ ನೆರವಾದೀತು.