ಆಕಿ ಯಾಕ ಸಾಯಬೇಕಿತ್ತು?

ಮನೆಮಂದಿಯೆಲ್ಲ ಕೂತು ನೋಡಬಹುದಾದ ಹಳೆಯ ಕನ್ನಡ ಚಿತ್ರಗಳ ಪಟ್ಟಿಯೊಂದನ್ನು ಕಳೆದ ತಿಂಗಳು ಇದೇ ಅಂಕಣದಲ್ಲಿ ಕೊಟ್ಟಿದ್ದೆ. ಅದರಲ್ಲಿ ‘ಗೆಜ್ಜೆ ಪೂಜೆ’ಯೂ ಇತ್ತು. ಪತ್ರಿಕೆ ಬಂದ ದಿನವೇ ದೇವದುರ್ಗದ ಮಾಸ್ತರೊಬ್ಬರು ಫೋನ್ ಮಾಡಿದರು. ಮೂವತ್ತು ವರ್ಷ ಹಳ್ಳಿ ಸಾಲಿಗಳಲ್ಲಿ ಕಲಿಸಿದವರು. ಸಿಟ್ಟಿನ ದನಿಯೇನಲ್ಲ, ಬೇಸರದ್ದು. “ಅದೊಂದು ಪಿಚ್ಚರ್ ಬಿಡಬೇಕಿತ್ರಿ ಸರ. ಹಾಜರಿ ಪುಸ್ತಕದಾಗ ಅಪ್ಪನ ಹೆಸರಿನ ಜಾಗಾ ಖಾಲಿ ಬಿಟ್ಟ ಹುಡುಗ್ರಿಗೆ ನಾ ಪಾಠ ಹೇಳೀನಿ. ಮನಿಮಂದಿ ಕೂತು ನೋಡ್ರಿ ಅಂತ ನೀವು ಬರದ್ರಿ. ಆ ಮನಿಮಂದಿ ಹೆಂಗ ನೋಡಬೇಕ್ರಿ?”

ನನಗೆ ಏನು ಹೇಳಬೇಕೋ ತೋಚಲಿಲ್ಲ. ಯೋಚನೆ ಮಾಡಿ ಹೇಳ್ತೀನ್ರಿ ಎಂದು ಫೋನ್ ಇಟ್ಟೆ. ಈ ವಾರದ ಬರಹ ಅವರಿಗೆ ಕೊಡಬೇಕಾಗಿದ್ದ ಉತ್ತರ.

ಚಿತ್ರ ನೋಡದವರಿಗಾಗಿ ನಾಲ್ಕು ಮಾತು. ಎಂ.ಕೆ. ಇಂದಿರಾ ಅವರ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ 1969ರಲ್ಲಿ ತೆರೆಗೆ ತಂದರು. ಊರವರು ಹೆಸರಿಟ್ಟು ದೂರ ಇಟ್ಟ ಮನೆಯೊಂದರಲ್ಲಿ ಹುಟ್ಟಿದ ಚಂದ್ರಾ ಓದಿ, ಮದುವೆಯಾಗಿ, ಎಲ್ಲರಂತೆ ಸಂಸಾರ ಮಾಡಬೇಕೆನ್ನುತ್ತಾಳೆ. ಗೆಜ್ಜೆ ಪೂಜೆ ಮಾಡಿಸಿ ಅವಳನ್ನು ಕುಲಕಸುಬಿಗೆ ಇಳಿಸುವುದು ಮನೆಯ ಹಿರಿಯಳ ಹಟ. ಕಲ್ಪನಾ ಚಂದ್ರಾ, ಲೀಲಾವತಿ ಆಕೆಯ ತಾಯಿ. ಸಾತ್ವಿಕ ಅಮ್ಮನ ಪಾತ್ರಗಳಿಗೆ ಹೆಸರಾದ ಪಂಢರಿಬಾಯಿ ಇಲ್ಲಿ ಆ ಹಟಮಾರಿ ಹಿರಿಯಳು. ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಇದಕ್ಕೆ ಬಂತು. ಚಿತ್ರಕಥೆಗೆ ಪುಟ್ಟಣ್ಣನವರಿಗೂ ಬಂತು. ತೆಲುಗಿನಲ್ಲಿ ‘ಕಲ್ಯಾಣ ಮಂಟಪಂ’ ಆಯಿತು, 1981ರಲ್ಲಿ ಹಿಂದಿಯಲ್ಲಿ ‘ಆಹಿಸ್ತಾ ಆಹಿಸ್ತಾ’ ಆಯಿತು. ಕನ್ನಡ, ತೆಲುಗು, ಹಿಂದಿ ಮೂರನ್ನೂ ಒಂದೇ ಸಮ ನೋಡಿ ಬೆಳೆದ ರಾಯಚೂರಿನವರು ಯಾವುದೋ ಒಂದು ಭಾಷೆಯಲ್ಲಿ ಈ ಕಥೆಗೆ ಅತ್ತಿರುತ್ತಾರೆ.

ಕೊನೆಗೆ ಚಂದ್ರಾ ಗೆಜ್ಜೆ ಪೂಜೆಗೆ ಒಪ್ಪುತ್ತಾಳೆ, ಸಾಯುತ್ತಾಳೆ. ಕಲ್ಪನಾ ಅವರ ಮುಖದ ಮೇಲೆ ಕ್ಯಾಮೆರಾ ನಿಂತಾಗ ನನಗೆ ಇವತ್ತಿಗೂ ಗಂಟಲು ಕಟ್ಟುತ್ತದೆ. ಆದರೆ ಆ ಸಾವಿನೊಳಗೆ ಒಂದು ಮಾತು ಅಡಗಿದೆ: ಇಂಥ ಮನೆಯಲ್ಲಿ ಹುಟ್ಟಿದ ಹೆಣ್ಣು ಶುದ್ಧಳು ಅನ್ನಿಸಿಕೊಳ್ಳಬೇಕಾದರೆ ಸಾಯಲೇಬೇಕು. ಮಾಸ್ತರಿಗೆ ಚುಚ್ಚಿದ್ದು ಅದೇ.

ಚಿತ್ರದ ಗೆಜ್ಜೆ ಪೂಜೆ ಹಳೇ ಮೈಸೂರು ಕಡೆಯ ಮಾತು. ಮೈಸೂರು ಸಂಸ್ಥಾನ 1909ರಲ್ಲೇ ಮುಜರಾಯಿ ದೇವಾಲಯಗಳಲ್ಲಿ ಅದನ್ನು ನಿಲ್ಲಿಸಿತ್ತು. ನಮ್ಮ ರಾಯಚೂರು ಕಡೆ ಆಗ ನಿಜಾಮನ ಆಳ್ವಿಕೆ. ಇಲ್ಲಿ ನಡೆಯುತ್ತಿದ್ದುದು ಮುತ್ತು ಕಟ್ಟುವುದು. ಕೆಂಪು ಬಿಳಿ ಮಣಿಗಳ ಸರವೊಂದನ್ನು ಕೊರಳಿಗೆ ಹಾಕಿದರೆ ಮುಗಿಯಿತು, ಹುಡುಗಿ ದೇವರಿಗೆ ಬಿಟ್ಟವಳು. ಹಾಗೆ ಕಟ್ಟಿಸಿಕೊಂಡವರು ಬಹುಪಾಲು ದಲಿತ ಹೆಣ್ಣುಮಕ್ಕಳು. ಕರ್ನಾಟಕ ದೇವದಾಸಿ ನಿಷೇಧ ಕಾಯ್ದೆ ಬಂದದ್ದು 1982ರಲ್ಲಿ. ಅಂದರೆ ಚಂದ್ರಾ ತೆರೆಯ ಮೇಲೆ ಸತ್ತು 13 ವರ್ಷವಾದ ಮೇಲೆ. ಆಮೇಲೆ ಸರ್ಕಾರ 1993-94ರಲ್ಲಿ ಮತ್ತು 2007-08ರಲ್ಲಿ ನಡೆಸಿದ ಎರಡು ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ ಗುರುತಾದವರು 46,660 ಮಂದಿ. ರಾಯಚೂರು ಜಿಲ್ಲೆಯ ಮಾನ್ವಿ, ದೇವದುರ್ಗದ ಹಳ್ಳಿಗಳಲ್ಲಿ ಆ ಲೆಕ್ಕಕ್ಕೆ ಸೇರಿದವರು ಇವತ್ತೂ ಭತ್ತದ ಗದ್ದೆಗೆ, ಹತ್ತಿ ಬಿಡಿಸಲು ಕೂಲಿಗೆ ಹೋಗುತ್ತಾರೆ.

ಮಾಸ್ತರರ ಫೋನಿನ ಮೇಲೆ ಎರಡು ವಾರಕ್ಕೆ ಮಾನ್ವಿ ತಾಲ್ಲೂಕಿನ ಒಂದು ಹಳ್ಳಿಗೆ ಹೋದೆ. ಈ ಹೆಣ್ಣುಮಕ್ಕಳ ನಡುವೆ ಬಹಳ ವರ್ಷ ಕೆಲಸ ಮಾಡಿದ ಗೆಳತಿಯೊಬ್ಬರು ಅವರನ್ನು ಮೊದಲೇ ಕೇಳಿ, ನೋಡುವುದಕ್ಕೆ ಅವರು ಒಪ್ಪಿದ ಮೇಲೆ ನನ್ನನ್ನು ಕರೆದುಕೊಂಡು ಹೋದರು. ಅವರ ಸಂಘದ ಕೋಣೆ, ಕಬ್ಬಿಣದ ಟೇಬಲ್, ನನ್ನ ಲ್ಯಾಪ್‌ಟಾಪ್. ಏಳು ಮಂದಿ. ಕಿಟಕಿಗೆ ಸೀರೆ ಕಟ್ಟಿ ಬಿಸಿಲು ತಡೆದೆವು. ಚಿತ್ರದ ಪ್ರತಿ ಮಾಸಿತ್ತು. ಮುಖಗಳು ಬೂದಿ ಬಳಿದ ಹಾಗೆ, ಮಾತು ಕೆಲವೆಡೆ ಕೊಳವೆಯೊಳಗಿಂದ ಬಂದ ಹಾಗೆ.

ಅರ್ಧ ಗಂಟೆ ಯಾರೂ ಮಾತಾಡಲಿಲ್ಲ. ಆಮೇಲೆ ಸುಮಾರು ಅರವತ್ತರ ಒಬ್ಬ ತಾಯಿ ಕೇಳಿದರು: “ಗೆಜ್ಜಿ ಅಂತಾರೇನ್ರೀ ಅದಕ್ಕ? ನಮ್ಮಲ್ಲಿ ಗೆಜ್ಜಿನೂ ಇರಲಿಲ್ಲ, ಪೂಜಿನೂ ಇರಲಿಲ್ಲ. ನನಗ ಹನ್ನೊಂದು ವರ್ಷ. ಹೊಸ ಲಂಗ ಕೊಡಿಸ್ತಾರ ಅಂತ ಹೋದಾಕಿ ನಾ.” ಎಡಗೈ ತಾನಾಗಿಯೇ ಕೊರಳ ಹತ್ತಿರ ಹೋಯಿತು. ಅಲ್ಲಿ ಈಗ ಒಂದು ಕರಿದಾರ ಮಾತ್ರ ಇತ್ತು. ಅದನ್ನೇ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಒಂದೊಂದೇ ಮಣಿ ಸರಿಸುವವರಂತೆ ಸರಿಸುತ್ತ, ಉಳಿದ ಚಿತ್ರವನ್ನೆಲ್ಲ ನೋಡಿದರು.

ಚಂದ್ರಾ ಸತ್ತಳು. ನಾನು ಕಣ್ಣು ಒರೆಸಿಕೊಂಡೆ. ಆ ತಾಯಿಯ ಕಣ್ಣು ಒಣಗಿತ್ತು. “ಆಕಿ ಯಾಕ ಸಾಯಬೇಕಿತ್ರಿ ಅಣ್ಣಾರ? ನಾ ಸತ್ತೀನೇನು? ಇಕಿ ಸತ್ತಾಳೇನು? ಕೂಲಿ ಮಾಡಿ ನನ್ನ ಮಗಳನ್ನ ಓದಿಸೀನಿ, ರಾಯಚೂರಾಗ ನರ್ಸ್ ಆಗ್ಯಾಳ. ಈ ಪಿಚ್ಚರ್ ಮಾಡಿದಾತಗ ಯಾರೂ ಇದನ್ನ ಹೇಳಲಿಲ್ಲೇನು?”

ನಲವತ್ತು ವರ್ಷ ಈ ಚಿತ್ರದ ಬಗ್ಗೆ ಓದಿದ್ದೇನೆ, ಬರೆದಿದ್ದೇನೆ. ಇಷ್ಟು ನೇರವಾಗಿ ಇದರ ಬೇರಿಗೆ ಕೈ ಹಾಕಿದ ವಿಮರ್ಶೆ ಕೇಳಿರಲಿಲ್ಲ. ಚಿತ್ರವನ್ನು ಮುಚ್ಚಿಟ್ಟಿದ್ದರೆ ಆ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ. ಹಳೆಯ ಚಿತ್ರ ಯಾರ ಬಗ್ಗೆ ಮಾತಾಡಿದೆಯೋ ಅವರಿಗೆ ಅದಕ್ಕೆ ಎದುರು ಮಾತಾಡುವ ಹಕ್ಕಿದೆ. ಪೆಟ್ಟಿಗೆಗೆ ಬೀಗ ಹಾಕಿದರೆ ಆ ಹಕ್ಕಿಗೂ ಬೀಗ ಬಿದ್ದಂತೆ. ಇಂಥ ಚಿತ್ರಗಳು ಮತ್ತೆ ಸಿಗಬೇಕು, ಇಡಿಯಾಗಿ ಸಿಗಬೇಕು ಎಂದು ನಾನು ಹೇಳುವುದು ಇದಕ್ಕಾಗಿ. ಹಳೆಯ ದಿನಗಳ ಮೋಹ ನನಗೂ ಇದೆ, ಆದರೆ ಬರೀ ಅದಕ್ಕಾಗಿ ಈ ಮಾತು ಹೇಳುತ್ತಿಲ್ಲ.

ನೋವಾಗುತ್ತದೆ ಎನ್ನುವ ಕಾರಣವನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಅದೇ ಕಾರಣ ಹೇಳಿಯೇ ‘ಸಂಸ್ಕಾರ’ವನ್ನೂ ತಡೆದಿದ್ದರು. ಅನಂತಮೂರ್ತಿಯವರ ಕಾದಂಬರಿಯ ಆ ಚಿತ್ರಕ್ಕೆ ಮದ್ರಾಸಿನ ಸೆನ್ಸಾರ್ ಮಂಡಳಿ ಅನುಮತಿ ಕೊಡಲಿಲ್ಲ. ಒಂದು ಸಮುದಾಯದ ಮನಸ್ಸು ನೋಯುತ್ತದೆ ಎಂಬ ಆತಂಕ. ಕೇಂದ್ರ ಸರ್ಕಾರದವರೆಗೆ ಹೋಗಿ ಬಿಡುಗಡೆಯ ದಾರಿ ಮಾಡಿಕೊಂಡು, 1970ರ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನು ಕನ್ನಡಕ್ಕೆ ಮೊದಲ ಸಲ ತಂದಿತು. ಜಗನ್ನಾಥದಾಸರ ಮಾನ್ವಿ, ವಿಜಯದಾಸರ ಚೀಕಲಪರ್ವಿ ಇರುವ ಸೀಮೆ ನಮ್ಮದು. ಮಾಧ್ವ ಅಗ್ರಹಾರವೊಂದನ್ನು ಹಾಗೆ ತೋರಿಸಿದ್ದಕ್ಕೆ ನನ್ನ ಪರಿಚಯದ ಹಿರಿಯರೊಬ್ಬರು ಕೊನೆಯವರೆಗೂ ಅದರ ಹೆಸರೆತ್ತಲಿಲ್ಲ. ಅವರ ನೋವೂ ನಿಜವೇ. ಬಲವಿದ್ದವರ ನೋವಿಗೆ ‘ಸಂಸ್ಕಾರ’ ಅಡಗಬಾರದಿತ್ತು ಎನ್ನುವ ನಾನು, ಬಲವಿಲ್ಲದವರ ಹೆಸರು ಹೇಳಿ ‘ಗೆಜ್ಜೆ ಪೂಜೆ’ಯನ್ನು ಅಡಗಿಸಲಾರೆ. ಎರಡೂ ನೋವು ಒಂದೇ ತೂಕದವು ಎಂದು ಹೇಳುತ್ತಿಲ್ಲ. ಒಂದು ಕಡೆಯವರಿಗೆ ಎದುರು ಮಾತಾಡಲು ಮಠ, ಪತ್ರಿಕೆ, ವೇದಿಕೆ ಎಲ್ಲ ಇದ್ದವು. ಇನ್ನೊಂದು ಕಡೆಯವರಿಗೆ ಸಂಘದ ಆ ಕೋಣೆ ಬಿಟ್ಟರೆ ಬೇರೆ ಜಾಗವಿಲ್ಲ. ಆ ಜಾಗವನ್ನು ದೊಡ್ಡದು ಮಾಡಬೇಕು.

ಇನ್ನೊಂದು ಬಗೆಯ ಚಿತ್ರಗಳಿವೆ, ನಕ್ಕು ಮರೆತುಬಿಡುತ್ತೇವೆ. 1989ರ ‘ನಂಜುಂಡಿ ಕಲ್ಯಾಣ’ ಮನೆಮಂದಿಯೆಲ್ಲ ಹೋಗಿ ನೋಡಿದ ಚಿತ್ರ. ಶೇಕ್ಸ್‌ಪಿಯರ್‌ನ ನಾಟಕವೊಂದು ಪರ್ವತವಾಣಿಯವರ ರಂಗರೂಪದ ಮೂಲಕ ನಮ್ಮ ತೆರೆಗೆ ಬಂದದ್ದು. ಮಾಲಾಶ್ರೀ ಅವರ ಆ ಬಿರುಸು ಇನ್ನೂ ಕಣ್ಣಿಗೆ ಕಟ್ಟಿದೆ. ಗಂಡನಾದವನು ಅಂಥ ಹೆಣ್ಣನ್ನು ಹದ್ದುಬಸ್ತಿಗೆ ತರುವ ಕಥೆಗೆ ಟಾಕೀಸು ತುಂಬ ಚಪ್ಪಾಳೆ ಬಿದ್ದವು, ನನ್ನದೂ ಅದರಲ್ಲಿತ್ತು. ಇನ್ನು ನಮ್ಮ ಮಾತು. ಎಷ್ಟು ಚಿತ್ರಗಳಲ್ಲಿ ನಮ್ಮ ಕಡೆಯ ಕನ್ನಡ ಆಡುವವನು ಬರೀ ನಗಿಸಲಿಕ್ಕೆಂದು ಬಂದು ಹೋಗುತ್ತಾನೆ! ಬೆಂಗಳೂರಿನಲ್ಲಿ ಓದುವಾಗ ಅಂಥ ದೃಶ್ಯಕ್ಕೆ ಅಕ್ಕಪಕ್ಕದವರು ನಗುತ್ತಿದ್ದರೆ ನಾನು ಕತ್ತಲಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಇಂಟರ್ವಲ್‌ನಲ್ಲಿ ಚಹಾ ಕೇಳುವಾಗ ದನಿ ಬದಲಿಸಿ ಕೇಳಿದ್ದೆ. ಆ ದೃಶ್ಯಗಳನ್ನು ಈಗ ಕತ್ತರಿಸಿ ತೆಗೆದರೆ ನಾನು ದನಿ ಬದಲಿಸಿದ್ದು ಯಾಕೆಂದು ನನ್ನ ಮೊಮ್ಮಗನಿಗೆ ಹೇಗೆ ತೋರಿಸಲಿ?

ಅಮೆರಿಕದಲ್ಲಿ ಇದೇ ಜಗಳ ಬಹಳ ಕಾಲದಿಂದ ನಡೆದಿದೆ. ಡಿಸ್ನಿ ಕಂಪನಿಯ 1946ರ ‘ಸಾಂಗ್ ಆಫ್ ದಿ ಸೌತ್’ ಮಕ್ಕಳಿಗಾಗಿ ಮಾಡಿದ ಚಿತ್ರ. ಅದರ ಮುಖ್ಯ ನಟ ಜೇಮ್ಸ್ ಬ್ಯಾಸ್ಕೆಟ್‌ಗೆ ವಿಶೇಷ ಆಸ್ಕರ್ ಬಂತು. ಅಟ್ಲಾಂಟಾದಲ್ಲಿ ನಡೆದ ಮೊದಲ ಪ್ರದರ್ಶನಕ್ಕೆ ಮಾತ್ರ, ವರ್ಣಭೇದದ ಆ ಊರಿನಲ್ಲಿ, ಕಪ್ಪು ಜನಾಂಗದ ಆತ ಹೋಗುವಂತಿರಲಿಲ್ಲ. ತೋಟದ ಕಪ್ಪು ಕೆಲಸಗಾರರನ್ನು ಸದಾ ಸುಖಿಗಳೆಂಬಂತೆ ತೋರಿಸಿದ ಆ ಚಿತ್ರವನ್ನು ಕಂಪನಿ ತನ್ನ ದೇಶದಲ್ಲಿ ವಿಡಿಯೊ ರೂಪದಲ್ಲಿ ಒಮ್ಮೆಯೂ ತರಲಿಲ್ಲ. ಎಚ್ಚರಿಕೆಯ ಮಾತು ಸೇರಿಸಿ ಕೂಡ ಬಿಡುವುದಿಲ್ಲ ಎಂದು ಅದರ ಮುಖ್ಯಸ್ಥರು 2020ರಲ್ಲಿ ಹೇಳಿದರು. ಬ್ಯಾಸ್ಕೆಟ್‌ನನ್ನು ಆ ಪ್ರದರ್ಶನಕ್ಕೆ ಬಿಡದವರ ಕಥೆಯೂ ಆತನ ನಟನೆಯೂ ಒಟ್ಟಿಗೆ ಕಪಾಟು ಸೇರಿದವು. ಅದೇ ವರ್ಷ ಎಚ್‌ಬಿಒ ಮ್ಯಾಕ್ಸ್ ಎಂಬ ವಿಡಿಯೊ ತಾಣ ಅಂಥದೇ ಆಕ್ಷೇಪಕ್ಕೆ ‘ಗಾನ್ ವಿತ್ ದಿ ವಿಂಡ್’ ಚಿತ್ರವನ್ನು ತೆಗೆದುಹಾಕಿ, ಎರಡು ವಾರದಲ್ಲಿ ಒಂದು ದೃಶ್ಯವನ್ನೂ ಕತ್ತರಿಸದೆ ಮರಳಿ ತಂದಿತು. ಮೊದಲಿಗೆ ಜಾಕ್ವೆಲಿನ್ ಸ್ಟೂವರ್ಟ್ ಎಂಬ ಕಪ್ಪು ಜನಾಂಗದ ವಿದ್ವಾಂಸೆಯ ನಾಲ್ಕು ಮಾತು ಸೇರಿತು. ನನಗೆ ಒಪ್ಪಿಗೆಯಾಗುವ ದಾರಿ ಇದು.

ಆದರೆ ಮರಳಿ ತರಲು ಚಿತ್ರ ಉಳಿದಿರಬೇಕಲ್ಲ. ರಾಯಚೂರಿನ ತೀನ್ ಕಂದೀಲ್ ಹತ್ತಿರ ಹಿಂದೆ ಟಾಕೀಸಿನಲ್ಲಿ ಆಪರೇಟರ್ ಆಗಿದ್ದ ಕಾಕಾ ಒಬ್ಬರಿದ್ದಾರೆ. ಬಸ್ಸಿನ ಮೇಲೆ ಪೆಟ್ಟಿಗೆ ಬಂತೆಂದರೆ ಊರಿಗೆ ಊರೇ ಹೇಗೆ ಎದ್ದು ಕೂರುತ್ತಿತ್ತೆಂದು ಹೇಳುತ್ತಾರೆ. ಅವರ ಅಟ್ಟದ ಮೇಲೆ ಒಂದು ತಗಡಿನ ಡಬ್ಬಿ. ಮುಚ್ಚಳ ತೆಗೆದರೆ ವಿನಿಗರ್‌ನ ಹುಳಿ ವಾಸನೆ ಮೂಗಿಗೆ ಹೊಡೆಯುತ್ತದೆ. ಅಸಿಟೇಟ್ ಫಿಲ್ಮು ಸೆಕೆ, ತೇವಕ್ಕೆ ಕೊಳೆಯುವ ರೀತಿ ಅದು. ಒಮ್ಮೆ ಹಿಡಿದರೆ ನಿಲ್ಲುವುದಿಲ್ಲ, ತಂಪಿನಲ್ಲಿಟ್ಟರೆ ನಿಧಾನವಾಗುತ್ತದೆ ಅಷ್ಟೆ. ಕಾಕಾ ಒಂದು ತುಂಡನ್ನು ಬೆಳಕಿಗೆ ಹಿಡಿದರು. ಅಂಚು ಅಲೆಅಲೆಯಾಗಿ ಮುರುಟಿತ್ತು, ನಡುವೆ ಹೆಣ್ಣುಮಗಳೊಬ್ಬಳ ಅರ್ಧ ಮುಖ. ಯಾರೆಂದು ಇಬ್ಬರಿಗೂ ಗೊತ್ತಾಗಲಿಲ್ಲ.

1964ರಿಂದ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವಿದೆ, ಬೆಂಗಳೂರಿನಲ್ಲಿ ಚಲನಚಿತ್ರ ಅಕಾಡೆಮಿಯಿದೆ. 1965ರ ‘ಸತ್ಯ ಹರಿಶ್ಚಂದ್ರ’ಕ್ಕೆ ಬಣ್ಣ ತುಂಬಿ 2008ರಲ್ಲಿ ಮತ್ತೆ ತೆರೆಗೆ ತಂದಾಗ ನಾನೂ ಖುಷಿಪಟ್ಟವನೇ. ರಾಜಕುಮಾರ್ ಹೆಸರಿದ್ದಲ್ಲಿ ಹಣ ಹಾಕುವವರು ಸಿಗುತ್ತಾರೆ. ಮುಜುಗರ ತರುವ ಚಿತ್ರಗಳಿಗೆ ಸಿಗುವುದಿಲ್ಲ. ಹಾಗಾಗಿ ಅಂಥವನ್ನು ಮೊದಲು ಉಳಿಸುವುದು ಸರ್ಕಾರದ ದುಡ್ಡಿನ ಕೆಲಸವಾಗಬೇಕು. ನೆಗೆಟಿವ್ ಹುಡುಕಿ, ಸ್ವಚ್ಛಗೊಳಿಸಿ, ಒಂದು ದೃಶ್ಯವನ್ನೂ ಬಿಡದೆ ಸ್ಕ್ಯಾನ್ ಮಾಡಿ ಜಿಲ್ಲಾ ಗ್ರಂಥಾಲಯಗಳಿಗೆ ಕಳಿಸಲಿ. ಟಿವಿಯವರು ಹಬ್ಬದ ಮಧ್ಯಾಹ್ನ ಹಿಂದುಮುಂದಿಲ್ಲದೆ ಹಾಕುವುದು ಮಾತ್ರ ಬೇಡ. ಅಲ್ಲಿ ಮಾಸ್ತರರ ಮಾತು ಪೂರಾ ಸರಿ. ಮುನ್ನುಡಿಯಿಲ್ಲದೆ ಬಂದ ಚಿತ್ರ, ಹಾಜರಿ ಪುಸ್ತಕದಲ್ಲಿ ಜಾಗ ಖಾಲಿ ಬಿಟ್ಟ ಮಗುವನ್ನು ಒಂಟಿ ಮಾಡುತ್ತದೆ.

ಮುನ್ನುಡಿ ಯಾರು ಹೇಳಬೇಕು? ನಾನಲ್ಲ, ಬೆಂಗಳೂರಿನ ಪ್ರಾಧ್ಯಾಪಕರೂ ಅಲ್ಲ. ಕಳೆದ ಭಾನುವಾರ ಮತ್ತೆ ಆ ಹಳ್ಳಿಗೆ ಹೋಗಿದ್ದೆ. ಆ ತಾಯಿ ಹೆಸರು, ಮುಖ ಬೇಡ, ದನಿ ಸಾಕು ಎಂದರು. ಮಗಳು ರಜೆ ಹಾಕಿ ಬಂದಿದ್ದಳು, ಪಕ್ಕದಲ್ಲಿ ಕೂತು ಫೋನ್ ಹಿಡಿದುಕೊಂಡಳು. ಮೂರೂವರೆ ನಿಮಿಷದ ಮಾತು. ಅರ್ಧಕ್ಕೆ ಕೋಳಿ ಕೂಗಿದ್ದೂ ಸೇರಿದೆ, ತೆಗೆಯಬೇಡ್ರಿ ಎಂದಳು ಮಗಳು.

ಸಂಜೆ ಅದನ್ನು ದೇವದುರ್ಗಕ್ಕೆ ಕಳಿಸಿದೆ. ರಾತ್ರಿ ಊಟದ ಹೊತ್ತಿಗೆ ಮಾಸ್ತರರ ಫೋನ್. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ನಮ್ಮೂರಾಗ ಮೊದಲು ಇದನ್ನ ಹಚ್ಚೂಣ್ರಿ ಸರ. ಪಿಚ್ಚರ್ ನೋಡಬೇಕೋ ಬ್ಯಾಡೋ, ಇದನ್ನ ಕೇಳಿದ ಮ್ಯಾಲ ಅವರೇ ಹೇಳಲಿ” ಅಂದರು.