ಪಡೆಯುವವರ ದನಿ: ‘ದೇಯುಸ್ ಕಾರಿತಾಸ್ ಎಸ್ತ್’ ವಿಶ್ವಪತ್ರದ ಎರಡನೆಯ ಭಾಗ, ಒಂದು ವಿಮರ್ಶೆ

ವಿಶ್ವಗುರು ಹದಿನಾರನೆಯ ಬೆನೆಡಿಕ್ಟರು ತಮ್ಮ ಮೊದಲ ವಿಶ್ವಪತ್ರವಾದ ‘ದೇಯುಸ್ ಕಾರಿತಾಸ್ ಎಸ್ತ್’ಗೆ 2005ರ ಡಿಸೆಂಬರ್ 25ರಂದು ಸಹಿ ಮಾಡಿದರು. ಅಂದಿನಿಂದ ಎರಡು ದಶಕಗಳು ಸಂದಿವೆ. 42 ಪರಿಚ್ಛೇದಗಳ ಈ ಬರಹ ಎರಡು ಭಾಗಗಳಾಗಿ ನಿಂತಿದೆ. ಪ್ರೀತಿಯ ಸ್ವರೂಪವನ್ನು ಕುರಿತ ಮೊದಲ ಭಾಗವು ದೈವಶಾಸ್ತ್ರದ ತರಗತಿಗಳಲ್ಲಿ ಸಾಕಷ್ಟು ಚರ್ಚೆಯಾಗಿದೆ. ಧರ್ಮಸಭೆಯು ಪ್ರೀತಿಯನ್ನು ಕಾರ್ಯರೂಪಕ್ಕೆ ಇಳಿಸುವ ಬಗೆಯನ್ನು ಹೇಳುವ ಎರಡನೆಯ ಭಾಗಕ್ಕೆ ಅಷ್ಟು ಗಮನ ದೊರೆತಿಲ್ಲ. ಅದನ್ನು ಸಮಾಜಸೇವಾ ಆಯೋಗಗಳ ಪಾಲಿಗೆ ಬಿಟ್ಟು ನಾವು ಮುಂದೆ ಸಾಗುತ್ತೇವೆ. ಆದರೆ ಧರ್ಮಕೇಂದ್ರದ ನಿತ್ಯದ ಬದುಕಿಗೆ ಹತ್ತಿರವಾದುದು ಈ ಭಾಗವೇ. ಕ್ರಿಸ್ಮಸ್ಸಿಗೆ ಅಕ್ಕಿಯ ಚೀಲ ಹಂಚುವವರು, ಸಂತ ವಿನ್ಸೆಂಟ್ ದೆ ಪೌಲ್ ಸಭೆಯ ಸದಸ್ಯರಾಗಿ ವಾರವಾರವೂ ಬಡವರ ಮನೆಗೆ ಹೋಗುವವರು, ತಪಸ್ಸುಕಾಲದ ಉಳಿತಾಯವನ್ನು ರೋಗಿಗಳಿಗೆ ಮುಟ್ಟಿಸುವ ಯುವಜನರು, ಇವರೆಲ್ಲರ ಕೆಲಸಕ್ಕೆ ದೈವಶಾಸ್ತ್ರದ ಆಧಾರ ಇಲ್ಲಿದೆ. ಆ ಆಧಾರ ಎಲ್ಲಿ ಗಟ್ಟಿಯಾಗಿದೆ, ಎಲ್ಲಿ ಅದನ್ನು ಇನ್ನಷ್ಟು ಬೆಳೆಸಬೇಕಾಗಿದೆ ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಮೊದಲು ಅದರ ಹಿರಿಮೆಯನ್ನು ಗುರುತಿಸೋಣ. ವಾಕ್ಯದ ಘೋಷಣೆ ಮತ್ತು ಸಂಸ್ಕಾರಗಳ ಆಚರಣೆಯಂತೆಯೇ ಪ್ರೀತಿಯ ಸೇವೆಯೂ ಧರ್ಮಸಭೆಯ ಸ್ವರೂಪಕ್ಕೆ ಸೇರಿದ್ದು, ಅದು ಬೇರೆಯವರಿಗೆ ವಹಿಸಿಕೊಟ್ಟು ಸುಮ್ಮನಿರಬಹುದಾದ ಹೆಚ್ಚುವರಿ ಕೆಲಸವಲ್ಲ ಎಂದು ವಿಶ್ವಪತ್ರ ಸ್ಪಷ್ಟವಾಗಿ ಹೇಳುತ್ತದೆ. ನ್ಯಾಯಯುತ ಸಮಾಜವನ್ನು ಕಟ್ಟುವುದು ರಾಜಕೀಯದ ಹೊಣೆ. ಆದರೂ ಎಷ್ಟೇ ನ್ಯಾಯಯುತವಾದ ರಾಜ್ಯದಲ್ಲೂ ಪ್ರೀತಿಯ ಸೇವೆ ಅನಗತ್ಯವಾಗುವುದಿಲ್ಲ ಎಂಬ ವಾದವನ್ನು 28ನೆಯ ಪರಿಚ್ಛೇದ ಮುಂದಿಡುತ್ತದೆ. ಸೇವೆ ಮಾಡುವವರಿಗೆ ಕೆಲಸದ ನೈಪುಣ್ಯ ಬೇಕು, ಅದರೊಡನೆ ಹೃದಯದ ಸಂಸ್ಕಾರವೂ ಬೇಕು ಎಂದು 31ನೆಯ ಪರಿಚ್ಛೇದ ಒತ್ತಿಹೇಳುತ್ತದೆ. ಕೊಡುವವನು ತನ್ನನ್ನೇ ಆ ಕೊಡುಗೆಯಲ್ಲಿ ತೊಡಗಿಸಿಕೊಳ್ಳದಿದ್ದರೆ ಕೊಡುಗೆಯು ಪಡೆದವನಿಗೆ ಅವಮಾನವಾಗಬಹುದೆಂಬ 34ನೆಯ ಪರಿಚ್ಛೇದದ ಎಚ್ಚರಿಕೆಯಂತೂ ಪ್ರತಿಯೊಂದು ಧರ್ಮಕೇಂದ್ರದ ಸಭಾಂಗಣದಲ್ಲಿ ಬರೆದಿಡಬೇಕಾದ ವಿಚಾರ.

ನನ್ನ ಪ್ರಶ್ನೆ ಈ ಎಚ್ಚರಿಕೆಯಿಂದಲೇ ಹುಟ್ಟುತ್ತದೆ. ಅವಮಾನವಾಗುತ್ತಿದೆಯೋ ಇಲ್ಲವೋ ಎಂಬುದನ್ನು ತಿಳಿದವರು ಯಾರು? ಪಡೆದವರೇ ಅಲ್ಲವೇ? ಆದರೆ ಅದಕ್ಕೆ ಪರಿಹಾರವನ್ನು ವಿಶ್ವಪತ್ರವು ಕೊಡುವವನ ಅಂತರಂಗದಲ್ಲಿ ಮಾತ್ರ ಹುಡುಕುತ್ತದೆ. ಅವನು ವಿನಯಶೀಲನಾಗಬೇಕು, ಪ್ರಾರ್ಥಿಸಬೇಕು, ತಾನೂ ಕೃಪೆಯನ್ನು ಪಡೆದವನೆಂದು ನೆನೆಯಬೇಕು. ಇವೆಲ್ಲವೂ ಸತ್ಯವೇ. ಆದರೂ ಎರಡನೆಯ ಭಾಗದಲ್ಲಿ ಸಾಕ್ಷಿಗಳಾಗಿ ಬರುವವರನ್ನು ಒಮ್ಮೆ ಎಣಿಸಿ ನೋಡಿದರೆ ಒಂದು ಸಂಗತಿ ಎದ್ದುಕಾಣುತ್ತದೆ. ರಕ್ತಸಾಕ್ಷಿ ಜಸ್ಟಿನ್ ಇದ್ದಾರೆ, ತೆರ್ತುಲಿಯನ್ ಇದ್ದಾರೆ, 258ರಲ್ಲಿ ರೋಮಿನಲ್ಲಿ ಪ್ರಾಣತೆತ್ತ ಉಪಯಾಜಕ ಸಂತ ಲಾರೆನ್ಸ್ ಇದ್ದಾರೆ. ಕ್ರೈಸ್ತ ವಿಶ್ವಾಸವನ್ನು ತೊರೆದರೂ ಕ್ರೈಸ್ತರ ಸೇವೆಯನ್ನು ಅನುಕರಿಸಲು ಹೊರಟ ಚಕ್ರವರ್ತಿ ಜೂಲಿಯನ್ ಕೂಡ ಇದ್ದಾನೆ. 40ನೆಯ ಪರಿಚ್ಛೇದದಲ್ಲಿ ಸಂತ ಮಾರ್ಟಿನರಿಂದ ಕಲ್ಕತ್ತೆಯ ತೆರೇಸಾರವರೆಗೆ ಸೇವಾನಿರತ ಸಂತರ ಪಟ್ಟಿಯಿದೆ. ಮಾರ್ಟಿನರಿಂದ ಅರ್ಧ ಮೇಲಂಗಿ ಪಡೆದ ಭಿಕ್ಷುಕನು ಆ ಪಟ್ಟಿಯ ಆರಂಭದಲ್ಲೇ ಬರುತ್ತಾನೆ. ಆದರೆ ಅವನಿಗೆ ಮಾತಿಲ್ಲ. ಕೊಟ್ಟವರೂ ಕೊಟ್ಟದ್ದನ್ನು ದೂರದಿಂದ ಕಂಡು ಬೆರಗಾದವರೂ ಸಾಕ್ಷಿ ನುಡಿಯುತ್ತಾರೆ. ಪಡೆದವರನ್ನು ಯಾರೂ ಸಾಕ್ಷಿಗೆ ಕರೆಯುವುದಿಲ್ಲ.

ಈ ಕೊರತೆಯ ಮೂಲವು 21ನೆಯ ಪರಿಚ್ಛೇದವು ಪ್ರೇಷಿತರ ಕಾರ್ಯಕಲಾಪಗಳ 6ನೆಯ ಅಧ್ಯಾಯವನ್ನು ಓದುವ ರೀತಿಯಲ್ಲಿದೆ. ಜೆರುಸಲೇಮಿನ ಸಮುದಾಯದಲ್ಲಿ ದಿನನಿತ್ಯದ ಹಂಚಿಕೆಯ ವೇಳೆ ಗ್ರೀಕ್ ಭಾಷಿಕರ ವಿಧವೆಯರು ಕಡೆಗಣಿಸಲ್ಪಟ್ಟರು. ಆಗ ಏಳು ಮಂದಿಯನ್ನು ಆರಿಸಲಾಯಿತು. ಬೆನೆಡಿಕ್ಟರು ಈ ತಾರತಮ್ಯವನ್ನು ಉಲ್ಲೇಖಿಸುತ್ತಾರೆ. ಬಳಿಕ ಅವರ ಗಮನವೆಲ್ಲ ಸೇವೆಯು ಒಂದು ವ್ಯವಸ್ಥಿತ ಹೊಣೆಯಾಗಿ ರೂಪುಗೊಂಡದ್ದರ ಕಡೆಗೆ, ಆ ಏಳು ಮಂದಿಯ ಪವಿತ್ರಾತ್ಮಭರಿತ ಜ್ಞಾನದ ಕಡೆಗೆ ಹೊರಳುತ್ತದೆ. ಲೂಕರ ನಿರೂಪಣೆ ಆರಂಭವಾಗುವುದು ಮಾತ್ರ ಗೊಣಗಾಟದಿಂದ. ಹಳೆಯ ಒಡಂಬಡಿಕೆಯ ಮರುಭೂಮಿಯ ಕಥೆಗಳಲ್ಲಿ ಗೊಣಗಾಟವು ಸಾಮಾನ್ಯವಾಗಿ ಅವಿಶ್ವಾಸದ ಗುರುತು. ಇಲ್ಲಿ ಪ್ರೇಷಿತರು ಗೊಣಗಿದವರನ್ನು ಗದರುವುದಿಲ್ಲ, ಕೃತಜ್ಞತೆಯ ಉಪದೇಶ ಮಾಡುವುದಿಲ್ಲ, ಹಂಚುತ್ತಿದ್ದವರ ಸದುದ್ದೇಶವನ್ನು ಸಮರ್ಥಿಸಿಕೊಳ್ಳುವುದೂ ಇಲ್ಲ. ಇಡೀ ಸಮುದಾಯವನ್ನು ಕರೆದು ವ್ಯವಸ್ಥೆಯನ್ನೇ ಬದಲಿಸುತ್ತಾರೆ.

ಆಯ್ಕೆಯಾದ ಏಳು ಮಂದಿಯ ಹೆಸರುಗಳನ್ನೂ ಗಮನಿಸಬೇಕು. ಸ್ತೇಫನನಿಂದ ಅಂತಿಯೋಕ್ಯದ ನಿಕೊಲಾಯನವರೆಗೆ ಏಳೂ ಗ್ರೀಕ್ ಹೆಸರುಗಳೇ. ಪ್ರೇಷಿತರಲ್ಲೂ ಅಂದ್ರೆಯ, ಫಿಲಿಪ್ಪ ಎಂಬ ಗ್ರೀಕ್ ಹೆಸರಿನವರು ಇದ್ದುದರಿಂದ ಹೆಸರೊಂದರಿಂದಲೇ ತೀರ್ಮಾನಕ್ಕೆ ಬರಲಾಗದು. ಆದರೂ ಏಳಕ್ಕೆ ಏಳೂ ಹಾಗಿರುವುದನ್ನು ಕಂಡು, ಹಂಚಿಕೆಯ ಹೊಣೆಯನ್ನು ದೂರಿದವರ ಗುಂಪಿಗೇ ವಹಿಸಲಾಯಿತೆಂದು ಅನೇಕ ವ್ಯಾಖ್ಯಾನಕಾರರು ಭಾವಿಸುತ್ತಾರೆ. ಈ ಓದು ಸರಿಯಾದರೆ ಧರ್ಮಸಭೆಯ ವ್ಯವಸ್ಥಿತ ಸೇವಾಕಾರ್ಯದ ಹುಟ್ಟಿನಲ್ಲೇ ಪಡೆಯುವವರ ದನಿಯಿದೆ. ಆ ವಿಧವೆಯರೇ ನಿರ್ಧಾರದ ಸ್ಥಾನದಲ್ಲಿ ಕುಳಿತರೆಂದು ಲೂಕರು ಹೇಳುವುದಿಲ್ಲ ಎಂಬುದೂ ನಿಜ. ಆ ಅರ್ಥದಲ್ಲಿ ಜೆರುಸಲೇಮಿನ ಪರಿಹಾರವೂ ಅಪೂರ್ಣವೇ. ಇನ್ನೊಂದು ಮಾತು: ಆ ತಾರತಮ್ಯ ಭಾಷೆಯ ಗೆರೆಯ ಮೇಲೆ ನಡೆದಿತ್ತು. ಭಾಷೆಯ ಕಾರಣಕ್ಕೆ ಒಂದೇ ಧರ್ಮಕೇಂದ್ರದಲ್ಲಿ ಹೊರಗಿನವರಾಗುವ ನೋವು ಎಂಥದೆಂದು ಕರ್ನಾಟಕದ ಧರ್ಮಸಭೆಗೆ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಬೆಂಗಳೂರಿನ ಕಟ್ಟಡ ಕೆಲಸಗಳಿಗೆ ಯಾದಗಿರಿ, ರಾಯಚೂರುಗಳಿಂದಲೂ ಜಾರ್ಖಂಡ್, ಒಡಿಶಾಗಳಿಂದಲೂ ಬಂದವರು ನಮ್ಮ ನೆರವಿನ ಪಟ್ಟಿಯಲ್ಲಿ ಎಷ್ಟನೆಯವರು ಎಂದು ಕೇಳಿಕೊಂಡರೆ ಸಾಕು.

ಶುಭಸಂದೇಶವೂ ಇದೇ ದಿಕ್ಕನ್ನು ತೋರುತ್ತದೆ. ಜೆರಿಕೋವಿನ ದಾರಿಯಲ್ಲಿ ಕುರುಡನಾದ ಬಾರ್ತಿಮಾಯನು ಎದುರಿಗೆ ಬಂದು ನಿಂತಾಗ ಅವನಿಗೇನು ಬೇಕೆಂಬುದು ಎಲ್ಲರಿಗೂ ಗೊತ್ತಿತ್ತು. ಆದರೂ ಯೇಸುಸ್ವಾಮಿ ಅವನನ್ನೇ ಕೇಳುತ್ತಾರೆ. ಗುಣಪಡಿಸುವುದಕ್ಕೆ ಮೊದಲು ಅವನ ಬಾಯಿಂದ ಮಾತು ಹೊರಡಲಿ ಎಂದು ಕಾಯುತ್ತಾರೆ. ಅಷ್ಟರವರೆಗೆ ಸುತ್ತಲಿನ ಜನ ಅವನನ್ನು ಸುಮ್ಮನಿರುವಂತೆ ಗದರಿಸಿದ್ದರೆಂಬ ವಿವರವನ್ನು ಮಾರ್ಕರು ಸುಮ್ಮನೆ ಸೇರಿಸಿಲ್ಲ. ನಮ್ಮ ಅನೇಕ ವಿತರಣಾ ಕಾರ್ಯಕ್ರಮಗಳ ಕ್ರಮ ಇದಕ್ಕೆ ವಿರುದ್ಧವಾಗಿದೆ. ಏನು ಕೊಡಬೇಕೆಂದು ಸಮಿತಿ ನಿರ್ಧರಿಸುತ್ತದೆ, ಚೀಟಿ ಹಂಚಲಾಗುತ್ತದೆ, ಸಾಲು ನಿಲ್ಲುತ್ತದೆ, ದಾನಿಗಳ ಹೆಸರು ಧ್ವನಿವರ್ಧಕದಲ್ಲಿ ಕೇಳಿಬರುತ್ತದೆ, ಚೀಲವನ್ನು ಕೈಗಿಡುವ ಹೊತ್ತಿಗೆ ಛಾಯಾಚಿತ್ರ ತೆಗೆಯಲಾಗುತ್ತದೆ. ಎಲ್ಲವೂ ಸದುದ್ದೇಶದಿಂದ ನಡೆಯುತ್ತದೆ. ಸಾಲಿನಲ್ಲಿ ನಿಂತ ತಾಯಿಯನ್ನು ಮಾತ್ರ ಯಾರೂ ಏನೂ ಕೇಳಿರುವುದಿಲ್ಲ.

ಇದಕ್ಕೆ ಬೇರೆ ಮಾದರಿ ನಮ್ಮಲ್ಲೇ ಇದೆ. 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡ್ರಿಕ್ ಓಝನಾಮ್ ಎಂಬ ಇಪ್ಪತ್ತು ವರ್ಷದ ವಿದ್ಯಾರ್ಥಿ ಗೆಳೆಯರೊಡಗೂಡಿ ಆರಂಭಿಸಿದ ಕೂಟವೇ ಸಂತ ವಿನ್ಸೆಂಟ್ ದೆ ಪೌಲ್ ಸಭೆಯಾಯಿತು. ಬಡವರ ಕೇರಿಯಲ್ಲಿ ದುಡಿಯುತ್ತಿದ್ದ ಸಿಸ್ಟರ್ ರೋಸಲಿ ರೆಂದು ಆ ಯುವಕರಿಗೆ ಮನೆಗಳನ್ನು ತೋರಿಸಿ, ಅಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ಕಲಿಸಿದರು. ಬಡವರನ್ನು ತಮ್ಮ ಬಳಿಗೆ ಕರೆಸದೆ ಅವರ ಮನೆಗೆ ತಾವೇ ಹೋಗುವುದು ಈ ಸಭೆಯ ಮೂಲ ಪದ್ಧತಿ. ಅಲ್ಲಿ ಹೋದವನು ಅತಿಥಿ. ಕುಳಿತುಕೊಳ್ಳಿ ಎಂದು ಹೇಳುವ ಅಧಿಕಾರ ಮನೆಯವರದು. ಸೋಜಿಗದ ಸಂಗತಿಯೆಂದರೆ 40ನೆಯ ಪರಿಚ್ಛೇದದ ಪಟ್ಟಿಯಲ್ಲಿ 1997ರಲ್ಲಿ ಪುನೀತರೆಂದು ಘೋಷಿತರಾದ ಓಝನಾಮರ ಹೆಸರಿಲ್ಲ. ಸ್ವಯಂಸೇವಕರಿಗೆ 30ನೆಯ ಪರಿಚ್ಛೇದದಲ್ಲಿ ಕೃತಜ್ಞತೆ ಹೇಳಿದ ಬರಹವು, ಸಂಸಾರಸ್ಥನಾಗಿದ್ದುಕೊಂಡೇ ಆ ದಾರಿಯನ್ನು ತೆರೆದವನನ್ನು ನೆನೆಯದಿರುವುದು ಒಂದು ಲೋಪವೇ ಸರಿ.

ಕನ್ನಡ ನೆಲದ ಅನುಭವವೂ ನಮ್ಮ ನೆರವಿಗೆ ಬರುತ್ತದೆ. ಶರಣ ಪರಂಪರೆಯು ದಾನವನ್ನೂ ದಾಸೋಹವನ್ನೂ ಬೇರೆಯಾಗಿ ಕಂಡಿತು. ದಾನದಲ್ಲಿ ಕೊಡುವವನು ಮೇಲಿರುತ್ತಾನೆ; ದಾಸೋಹದಲ್ಲಿ ನೀಡುವವನೇ ದಾಸ. ಒಂದು ಪದವನ್ನು ಬಿಟ್ಟು ಇನ್ನೊಂದನ್ನು ಹಿಡಿದ ಮಾತ್ರಕ್ಕೆ ಸಂಬಂಧ ಬದಲಾಗದು, ದಿಟ. ಆದರೆ ಕೊಡುವವನ ಸ್ಥಾನವನ್ನೇ ಪ್ರಶ್ನಿಸಿದ ಈ ವಿವೇಕದಿಂದ ಕನ್ನಡದ ಕ್ರೈಸ್ತ ದೈವಶಾಸ್ತ್ರ ಕಲಿಯಬೇಕಾದದ್ದು ಬಹಳವಿದೆ.

ಇದು ಪುಸ್ತಕದೊಳಗಿನ ಜಿಜ್ಞಾಸೆಯಾಗಿ ಉಳಿಯುವಂಥದಲ್ಲ. ಕರ್ನಾಟಕದಲ್ಲಿ 2022ರಲ್ಲಿ ಜಾರಿಯಾದ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಅಧಿನಿಯಮವು ಉಡುಗೊರೆ, ನಗದು ಅಥವಾ ವಸ್ತುರೂಪದ ಲಾಭ, ಉಚಿತ ಶಿಕ್ಷಣ ಇವನ್ನೂ ಆಮಿಷದ ವ್ಯಾಖ್ಯೆಯೊಳಗೆ ಸೇರಿಸಿತು. ಪ್ರೀತಿಯ ಸೇವೆಯನ್ನು ಮತಾಂತರದ ಸಾಧನವಾಗಿ ಬಳಸಬಾರದೆಂದು 31ನೆಯ ಪರಿಚ್ಛೇದ ಅದಕ್ಕೆ ಬಹಳ ಮೊದಲೇ ಸಾರಿತ್ತು. ಅದನ್ನು ನಾವು ಮತ್ತೆ ಮತ್ತೆ ಉಲ್ಲೇಖಿಸುತ್ತೇವೆ. ಆದರೆ ನಮ್ಮ ಉದ್ದೇಶ ಶುದ್ಧವಾಗಿದೆ ಎಂಬುದು ಮತ್ತೆ ಕೊಡುವವರದೇ ಮಾತು. ಬೇಡವೆನ್ನುವ, ಬೇರೆಯದನ್ನು ಕೇಳುವ, ಕೊರತೆಯನ್ನು ಎತ್ತಿ ಆಡುವ ಸ್ವಾತಂತ್ರ್ಯ ಪಡೆಯುವವರಿಗೆ ಇದ್ದಲ್ಲಿ ಆ ನೆರವು ಆಮಿಷವಲ್ಲವೆಂದು ಅವರೇ ಹೇಳಬಲ್ಲರು. ಅವರ ಬಾಯಿ ಕಟ್ಟಿದ್ದರೆ ನಮ್ಮ ಸಮರ್ಥನೆಗೆ ಹೆಚ್ಚು ಬೆಲೆ ಬಾರದು.

ಈ ವಾದಕ್ಕೆ ಒಂದು ಆಕ್ಷೇಪವಿದೆ. ಹೀಗೆ ದೂರು, ಸಮಿತಿ, ಪ್ರಾತಿನಿಧ್ಯ ಎಂದು ಹೊರಟರೆ ಪ್ರೀತಿಯ ಸೇವೆಯು ಹಕ್ಕುಗಳ ಲೆಕ್ಕಾಚಾರವಾಗಿ ಒಣಗುವುದಿಲ್ಲವೇ? ಧರ್ಮಸಭೆಯ ಸೇವೆಯು ಒಂದು ಸಿದ್ಧಾಂತದ ಉಪಕರಣವಾಗಬಾರದೆಂದು ವಿಶ್ವಪತ್ರವೇ ಎಚ್ಚರಿಸಿದೆಯಲ್ಲವೇ? ಆಕ್ಷೇಪದಲ್ಲಿ ಹುರುಳಿದೆ. ಆದರೆ ಪ್ರೀತಿಸುವವರು ಪ್ರೀತಿಪಾತ್ರರ ಮಾತಿಗೆ ಕಿವಿಗೊಡುತ್ತಾರೆ. ಕೇಳಿಸಿಕೊಳ್ಳುವುದು ಪ್ರೀತಿಗೆ ಹೊರಗಿನಿಂದ ಬಂದ ನಿಯಮವಲ್ಲ. ನಂತರದ ಬೋಧನೆಯೂ ಈ ದಿಕ್ಕಿನಲ್ಲೇ ಸಾಗಿದೆ. ವಿಶ್ವಗುರು ಫ್ರಾನ್ಸಿಸರು 2013ರ ‘ಎವಾಂಜೆಲಿ ಗೌದಿಯುಮ್’ನ 198ನೆಯ ಪರಿಚ್ಛೇದದಲ್ಲಿ ಬಡವರಿಂದ ನಾವು ಕಲಿಯಬೇಕೆಂದರು. ವಿಶ್ವಗುರು ಹದಿನಾಲ್ಕನೆಯ ಲಿಯೋರವರು 2025ರ ಅಕ್ಟೋಬರ್ 4ರಂದು ಸಹಿ ಮಾಡಿದ ‘ದಿಲೆಕ್ಸಿ ತೆ’ ಬಡವರನ್ನು ಸ್ವತಃ ಕರ್ತೃಗಳೆಂದು ಕಾಣುತ್ತದೆ; ಅದೇ ಬರಹ ಭಿಕ್ಷಾದಾನದ ಮಹತ್ವವನ್ನೂ ಎತ್ತಿಹಿಡಿಯುತ್ತದೆ. ಕೊಡುವುದೂ ಕೇಳಿಸಿಕೊಳ್ಳುವುದೂ ಪರಸ್ಪರ ವಿರೋಧಿಗಳಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಆಧಾರ ಬೇಕಿಲ್ಲ.

ಹಾಗಾದರೆ ಧರ್ಮಕೇಂದ್ರದಲ್ಲಿ ಆಗಬೇಕಾದುದೇನು? ನೆರವಿನ ಸಮಿತಿಯಲ್ಲಿ ನೆರವು ಪಡೆಯುವ ಕುಟುಂಬಗಳ ಇಬ್ಬರಿಗಾದರೂ ಸ್ಥಾನವಿರಲಿ. ಅವರ ಮುಂದೆಯೇ ಲೆಕ್ಕ ಓದಲ್ಪಡಲಿ. ವಿತರಣೆಗೆ ಮುನ್ನ ಮನೆ ಭೇಟಿ ನಡೆಯಲಿ, ಅಲ್ಲಿ ಉಪದೇಶಕ್ಕಿಂತ ಮೊದಲು ಪ್ರಶ್ನೆಯಿರಲಿ. ಛಾಯಾಚಿತ್ರದ ಪದ್ಧತಿ ನಿಲ್ಲಲಿ. ಗುರುಮಠದ ಸೇವಾಭ್ಯಾಸದಲ್ಲಿ ಗುರುಅಭ್ಯರ್ಥಿಗಳು ತಾವು ಎಷ್ಟು ಮನೆಗಳಿಗೆ ಹೋದೆವೆಂದು ಬರೆಯುವುದರ ಜೊತೆಗೆ, ಅಲ್ಲಿ ತಮ್ಮ ಧರ್ಮಸಭೆಯ ಬಗ್ಗೆ ಯಾವ ದೂರು ಕೇಳಿದೆವೆಂದೂ ಬರೆಯಲಿ. ದೂರುಗಳೇ ಇಲ್ಲದ ವರದಿಯನ್ನು ಬೋಧಕರು ಹಿಂದಿರುಗಿಸಲಿ.

‘ದೇಯುಸ್ ಕಾರಿತಾಸ್ ಎಸ್ತ್’ ಕೊಡುವವನ ಹೃದಯವನ್ನು ರೂಪಿಸುವ ಬರಹ. ಆ ಕೆಲಸದಲ್ಲಿ ಅದಕ್ಕೆ ಸಾಟಿಯಾದುದು ವಿರಳ. ಅದರ ಬೋಧನೆ ನಮ್ಮ ಧರ್ಮಕೇಂದ್ರಗಳಲ್ಲಿ ಪೂರ್ಣ ಫಲ ಕೊಡಬೇಕಾದರೆ 21ನೆಯ ಪರಿಚ್ಛೇದವನ್ನು ಓದುವಾಗ ಆ ಏಳು ಮಂದಿಯ ಜೊತೆಗೆ, ಅವರ ನೇಮಕಕ್ಕೆ ಕಾರಣರಾದ ವಿಧವೆಯರನ್ನೂ ನಾವು ಕಾಣಬೇಕು. ಅವರ ಗೊಣಗಾಟಕ್ಕೆ ಪ್ರೇಷಿತರು ಕಿವಿಗೊಟ್ಟ ಮೇಲೆಯೇ ದೇವರ ವಾಕ್ಯ ಜೆರುಸಲೇಮಿನಲ್ಲಿ ಮತ್ತಷ್ಟು ಹರಡಿತೆಂದು ಲೂಕರು ಆ ಪ್ರಸಂಗವನ್ನು ಮುಗಿಸುತ್ತಾರೆ.