ಬಡ್ತಿಯ ಬೆಲೆ: ಸತ್ಯಜಿತ್ ರಾಯ್ ಅವರ ‘ಸೀಮಾಬದ್ಧ’

ದೊಡ್ಡ ಕಂಪೆನಿಯಲ್ಲಿ ಮಗನಿಗೆ ಬಡ್ತಿ ದೊರೆತರೆ ಮನೆಮಂದಿಯೆಲ್ಲ ಸಂಭ್ರಮಿಸುವುದು ಸಹಜ. ಅದರ ಬೆಲೆ ತೆತ್ತವರು ಯಾರೆಂದು ವಿಚಾರಿಸುವವರು ವಿರಳ. ಸತ್ಯಜಿತ್ ರಾಯ್ ಅವರು ಶಂಕರ್ ಅವರ ಕಾದಂಬರಿಯನ್ನು ಆಧರಿಸಿ 1971ರಲ್ಲಿ ತೆರೆಗೆ ತಂದ ಬಂಗಾಳಿ ಚಿತ್ರ ‘ಸೀಮಾಬದ್ಧ’ ಈ ಪ್ರಶ್ನೆಯನ್ನೇ ಎತ್ತುತ್ತದೆ.

ಶ್ಯಾಮಲೇಂದು ಕಲ್ಕತ್ತೆಯ ಫ್ಯಾನ್ ಕಂಪೆನಿಯೊಂದರ ಮಾರಾಟಾಧಿಕಾರಿ. ಡೈರೆಕ್ಟರ್ ಹುದ್ದೆಯ ಮೇಲೆ ಅವನಿಗೂ ಕಣ್ಣು, ಸಹೋದ್ಯೋಗಿಯೊಬ್ಬನಿಗೂ ಕಣ್ಣು. ಅಷ್ಟರಲ್ಲಿ ಇರಾಕಿಗೆ ರವಾನೆಯಾಗಬೇಕಾದ ಫ್ಯಾನುಗಳಲ್ಲಿ ದೋಷ ಕಾಣಿಸುತ್ತದೆ. ತಡವಾದರೆ ಕಂಪೆನಿಗೆ ದಂಡ, ಅವನಿಗೆ ಅಪಕೀರ್ತಿ. ಆದರೆ ಕಾರ್ಖಾನೆಯಲ್ಲಿ ಗಲಭೆಯೆದ್ದು ಕೆಲಸ ನಿಂತರೆ ಒಪ್ಪಂದದಲ್ಲೇ ವಿನಾಯಿತಿ ಉಂಟು. ಕಾರ್ಮಿಕಾಧಿಕಾರಿಯೊಡನೆ ಸೇರಿ ಅವನು ಆ ಗಲಭೆಯನ್ನೇ ಹುಟ್ಟಿಸುತ್ತಾನೆ. ಬಾಂಬು ಸಿಡಿದು ಕಾವಲುಗಾರ ಗಾಯಗೊಳ್ಳುತ್ತಾನೆ. ಶ್ಯಾಮಲೇಂದು ಡೈರೆಕ್ಟರ್ ಆಗುತ್ತಾನೆ.

ಅವನನ್ನು ದುಷ್ಟನನ್ನಾಗಿ ಚಿತ್ರಿಸದಿರುವುದೇ ಚಿತ್ರದ ಶಕ್ತಿ. ಅವನು ವಿದ್ಯಾವಂತ, ಸಂಭಾವಿತ, ನಮ್ಮ ಮನೆಯ ಮಗನಂಥವನು. ಕಾನೂನು ಅವನನ್ನು ಮುಟ್ಟುವುದಿಲ್ಲ. ಕೊನೆಯಲ್ಲಿ ಲಿಫ್ಟು ಕೆಟ್ಟಿರುತ್ತದೆ. ಗೆದ್ದವನು ಏದುಸಿರು ಬಿಡುತ್ತ ಮಹಡಿಯಿಂದ ಮಹಡಿಗೆ ಮೆಟ್ಟಿಲೇರುತ್ತಾನೆ. ಅವನನ್ನು ಮನಸಾರೆ ಮೆಚ್ಚಿದ್ದ ಹೆಂಡತಿಯ ತಂಗಿ ಟುಟುಲ್ (ಶರ್ಮಿಳಾ ಟ್ಯಾಗೋರ್), ಅವನಿಂದ ಪಡೆದಿದ್ದ ಕೈಗಡಿಯಾರವನ್ನು ಮೌನವಾಗಿ ಬಿಚ್ಚಿಡುತ್ತಾಳೆ. ಅದಕ್ಕಿಂತ ಕಠಿಣವಾದ ತೀರ್ಪು ಬೇರೊಂದಿಲ್ಲ.

ಗಾಯಾಳು ಕಾವಲುಗಾರನ ಬದುಕಿಗೆ ಚಿತ್ರದಲ್ಲಿ ದೊರೆತ ಸ್ಥಳ ತೀರ ಅಲ್ಪವೆಂಬುದು ಒಂದು ಕೊರತೆ. ಆದರೆ ಮೇಲಕ್ಕೇರುವವರ ಕಣ್ಣಿಗೂ ಅವನು ಕಾಣುವುದು ಅಷ್ಟೇ ಅಲ್ಲವೆ? ಬಡ್ತಿಯ ಸಿಹಿ ಹಂಚುವ ಪ್ರತಿ ಮನೆಯಲ್ಲೂ ಟುಟುಲಳಂತೆ ನಿರ್ಭಯವಾಗಿ ನೋಡಬಲ್ಲ ಒಂದು ಜೊತೆ ಕಣ್ಣಿರಲಿ.